ಕುಂಡದ ಮಣ್ಣಿನ ಮೇಲಿನ ಬಿಳುಪು: ಉಪ್ಪೋ, ಬೂಷ್ಟೋ, ಹುಳುವೋ?

ಮೈಸೂರಿನಲ್ಲಿ ಕುಂಡದ ಮಣ್ಣು ವರ್ಷಕ್ಕೆರಡು ಸಲ ಬೆಳ್ಳಗಾಗುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಒಂದು ಸಲ. ಮಳೆ ಹಿಡಿದು ನಾಲ್ಕೈದು ದಿನ ಸೂರ್ಯನ ಮುಖ ಕಾಣದಿದ್ದಾಗ ಇನ್ನೊಂದು ಸಲ. ನಾಲ್ಕಡಿ ದೂರದಿಂದ ನೋಡಿದರೆ ಎರಡೂ ಒಂದೇ. ಮಣ್ಣಿನ ಮೇಲೆ ಯಾರೋ ಹಿಟ್ಟು ಚೆಲ್ಲಿ ಹೋದ ಹಾಗೆ. ಆದರೆ ಬೇಸಿಗೆಯ ಬಿಳುಪು ಹೆಚ್ಚಿನ ಸಲ ಉಪ್ಪು, ಅದಕ್ಕೆ ಜೀವವಿಲ್ಲ. ಮಳೆಗಾಲದ್ದು ಹೆಚ್ಚಿನ ಸಲ ಬೂಷ್ಟು, ಅದು ಜೀವಂತ. ಉಪ್ಪಿಗೆ ಮದ್ದು ಧಾರಾಳವಾಗಿ ನೀರು ಹಾಯಿಸುವುದು. ಬೂಷ್ಟಿಗೆ ಮದ್ದು ನೀರು ನಿಲ್ಲಿಸುವುದು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಇದ್ದ ತೊಂದರೆ ಇಮ್ಮಡಿಯಾಗುತ್ತದೆ. ಹಾಗಾಗಿ ಬಿಳಿ ಕಂಡ ಕೂಡಲೇ ಏನು ಸಿಂಪಡಿಸಲಿ ಎಂದು ಕೇಳುವ ಮೊದಲು, ಅದು ಏನು ಎಂದು ತಿಳಿಯುವ ಕೆಲಸ ಮುಗಿಯಬೇಕು.

ಈಗ ನಡೆಯುವುದು ಬೇರೆಯೇ. ಮೊಬೈಲಿನಲ್ಲಿ ಫೋಟೊ ತೆಗೆದು ಗೊಬ್ಬರದಂಗಡಿಯಲ್ಲಿ ತೋರಿಸುತ್ತಾರೆ, ಅಂಗಡಿಯವರು ಬೂಷ್ಟು ಕೊಲ್ಲುವ ಒಂದು ಫಂಗಿಸೈಡ್ ಪೊಟ್ಟಣ ಕೊಡುತ್ತಾರೆ. ಅವರನ್ನೂ ದೂರುವ ಹಾಗಿಲ್ಲ. ಬಿಳಿ ಪದರ ಗರಿಗರಿಯೋ ಮೆತ್ತಗೋ, ಒದ್ದೆಯಾದರೆ ಏನಾಗುತ್ತದೆ, ವಾಸನೆ ಏನು ಎಂಬುದು ಯಾವ ಫೋಟೊದಲ್ಲೂ ಬರುವುದಿಲ್ಲ. ಅದಕ್ಕೆ ನಿಮ್ಮ ಬೆರಳೇ ಬೇಕು, ಜೊತೆಗೆ ಒಂದು ಚಮಚ ನೀರು, ಅರ್ಧ ಹೋಳು ನಿಂಬೆಹಣ್ಣು. ಒಂದು ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು.

ಮೊದಲು ನೀರಿನ ಹನಿ. ಬಿಳಿ ಇರುವ ಜಾಗದ ಮೇಲೆ ಮೆಲ್ಲಗೆ ನಾಲ್ಕು ಹನಿ ಬಿಡಿ. ಉಪ್ಪಾದರೆ ನೀರು ತಕ್ಷಣ ಇಂಗಿ ಬಿಳಿ ಮರೆಯಾಗುತ್ತದೆ, ಒಣಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಮೂಡುತ್ತದೆ. ಬೂಷ್ಟಾದರೆ ಹನಿ ಇಂಗದೆ ಗುಂಡಗೆ ಕೂರುತ್ತದೆ. ಗಾಳಿಗೆ ಒಡ್ಡಿಕೊಂಡ ಶಿಲೀಂಧ್ರದ ಎಳೆಗಳ ಮೈಮೇಲೆ ಹೈಡ್ರೋಫೋಬಿನ್ ಎಂಬ ಪ್ರೋಟೀನಿನ ಪದರವಿದ್ದು, ಅದು ನೀರನ್ನು ಅಂಟಗೊಡುವುದಿಲ್ಲ. ಈ ಒಂದು ಪರೀಕ್ಷೆಯಲ್ಲೇ ಬಹುಪಾಲು ಪ್ರಕರಣ ಇತ್ಯರ್ಥವಾಗುತ್ತದೆ.

ಆಮೇಲೆ ಉಗುರಿನಿಂದ ಕೆರೆಯಿರಿ. ಉಪ್ಪಿನ ಪದರ ಹೆಕ್ಕಳಿಕೆಯಾಗಿ ಏಳುತ್ತದೆ, ಬೆರಳುಗಳ ನಡುವೆ ತಿಕ್ಕಿದರೆ ಮರಳು ಮರಳಾಗಿ ಹತ್ತುತ್ತದೆ. ಬೂಷ್ಟು ಕೈಗೆ ಸಿಗುವುದೇ ಇಲ್ಲ, ಮುಟ್ಟಿದಲ್ಲಿ ಅಮರಿಹೋಗುತ್ತದೆ. ಕೆರೆದು ತೆಗೆದ ಹೆಕ್ಕಳಿಕೆಯನ್ನು ಸ್ಟೀಲ್ ತಟ್ಟೆಗೆ ಹಾಕಿ ನಿಂಬೆರಸ ಹಿಂಡಿದಾಗ ಸಣ್ಣಗೆ ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ನೊರೆ ಬಾರದಿದ್ದರೆ ಉಪ್ಪಲ್ಲ ಎಂದು ತೀರ್ಮಾನಿಸಬೇಡಿ. ಗೊಬ್ಬರದ ಉಪ್ಪುಗಳು ನಿಂಬೆರಸಕ್ಕೆ ನೊರೆಯುವುದಿಲ್ಲ. ಮೊಟ್ಟೆ ಸಿಪ್ಪೆ ಪುಡಿ ಹಾಕುವ ಅಭ್ಯಾಸವಿದ್ದರೆ ಆ ಚೂರುಗಳೂ ನೊರೆಯುತ್ತವೆ, ಅದನ್ನೂ ಗಮನದಲ್ಲಿಟ್ಟುಕೊಳ್ಳಿ.

ತುಳಸಿ ಕುಂಡದ ವಿಷಯದಲ್ಲಿ ಇನ್ನೊಂದು ಮಾತು. ಅಲ್ಲಿ ಕಾಣುವ ಬಿಳಿ ಎಷ್ಟೋ ಸಲ ಬರೀ ರಂಗೋಲಿ ಪುಡಿ. ರಂಗೋಲಿ ಕಲ್ಲಿನ ಪುಡಿಯಲ್ಲಿ ಕೆಲವು ಬಗೆ ನಿಂಬೆರಸಕ್ಕೆ ನೊರೆಯುತ್ತವೆ, ಕೆಲವು ನೊರೆಯುವುದಿಲ್ಲ. ಆದ್ದರಿಂದ ಅಲ್ಲಿ ಪರೀಕ್ಷೆಗಿಂತ ಬೆಳಗ್ಗೆ ರಂಗೋಲಿ ಇಟ್ಟವರನ್ನು ಕೇಳುವುದು ಸುಲಭ.

ಉಪ್ಪು ಎಲ್ಲಿಂದ ಬಂತು

ಕುಂಡಕ್ಕೆ ಹಾಕಿದ ನೀರಿನಲ್ಲಿ ಒಂದಿಷ್ಟು ಗಿಡ ಹೀರಿಕೊಳ್ಳುತ್ತದೆ, ಒಂದಿಷ್ಟು ಕೆಳಗಿನ ತೂತಿನಿಂದ ಬಸಿಯುತ್ತದೆ, ಉಳಿದದ್ದು ಮಣ್ಣಿನ ಮೇಲ್ಮೈಯಿಂದ ಆವಿಯಾಗುತ್ತದೆ. ಮೇಲ್ಪದರ ಒಣಗಿದಂತೆಲ್ಲ ಕೆಳಗಿನ ತೇವವನ್ನು ಮಣ್ಣಿನ ಸಣ್ಣ ಸಣ್ಣ ಸಂದುಗಳು ದೀಪದ ಬತ್ತಿ ಎಣ್ಣೆ ಎಳೆಯುವಂತೆ ಮೇಲಕ್ಕೆ ಎಳೆಯುತ್ತವೆ. ಆವಿಯಾಗುವುದು ನೀರು ಮಾತ್ರ. ಅದರಲ್ಲಿ ಕರಗಿದ್ದ ಉಪ್ಪು ಅಲ್ಲೇ ಉಳಿಯುತ್ತದೆ. ಹೀಗೆ ದಿನದಿನವೂ ಕೂಡಿ ಮೇಲೆ ಬಿಳಿ ಪದರವಾಗುತ್ತದೆ.

ಎಷ್ಟು ಉಪ್ಪು ಎಂಬುದು ನೀರಿನ ಮೇಲೆ ಹೋಗುತ್ತದೆ. ಮೈಸೂರಿನಲ್ಲಿ ಹೊಂಗಳ್ಳಿ, ಬೆಳಗೊಳದ ಕಡೆಯಿಂದ ಬರುವ ಕಾವೇರಿ ನೀರು ಮೆದು. ಅದೇ ಬೀದಿಯಲ್ಲಿ ಬೋರ್‌ವೆಲ್ ನೀರು ಬಳಸುವ ಮನೆಯಲ್ಲಿ ಬಕೆಟ್ಟಿನ ಒಳಮೈ, ನಲ್ಲಿಯ ಮೂತಿ, ಗೀಸರಿನ ಕಾಯಿಲ್ ಎಲ್ಲವೂ ಬೆಳ್ಳಗೆ ಗಟ್ಟಿಗಟ್ಟಿಯಾಗಿರುತ್ತವೆ. ನಮ್ಮ ಕಡೆಯ ಅಂತರ್ಜಲ ಗಟ್ಟಿ ಬಂಡೆಯ ಬಿರುಕುಗಳಲ್ಲಿ ನಿಂತು, ಬಹಳ ಕಾಲ ಕಲ್ಲಿನ ಸಹವಾಸ ಮಾಡಿ ಬರುವ ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಬೈಕಾರ್ಬೊನೇಟ್ ಕರಗಿರುತ್ತದೆ. ಬಯಲಿಗೆ ಬಂದು ಆರುವಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಗಟ್ಟಿಯಾಗುತ್ತದೆ. ಗೀಸರಿನಲ್ಲಿ ಕೂರುವುದೂ ಕುಂಡದ ಮೇಲೆ ಕೂರುವುದೂ ಒಂದೇ ವಸ್ತು.

ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಲೀಟರಿಗೆ 600 ಮಿಲಿಗ್ರಾಂ ಲವಣವಿರುವ ಬೋರ್ ನೀರನ್ನು ಒಂದು ದೊಡ್ಡ ಕುಂಡಕ್ಕೆ ದಿನಕ್ಕೊಂದು ಲೀಟರಿನಂತೆ ಹಾಕುತ್ತೀರಿ ಎಂದುಕೊಳ್ಳಿ. ಕೆಳಗೆ ನೀರು ಹರಿಯದ ಹಾಗೆ ಅಳೆದು ಹಾಕುವವರಾದರೆ ಫೆಬ್ರುವರಿಯಿಂದ ಮೇ ತನಕದ ಸುಮಾರು 100 ದಿನಗಳಲ್ಲಿ ಆ ಮಣ್ಣಿಗೆ 60 ಗ್ರಾಂ ಉಪ್ಪು ಸೇರಿತು. ಗೊಬ್ಬರದ ಉಪ್ಪು ಬೇರೆ. 600 ಎಂಬುದು ಅತಿಯಾದ ಅಂಕಿಯೇನಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಅಪೇಕ್ಷಣೀಯ ಎನ್ನುವುದು 500 ಮಿಲಿಗ್ರಾಂ, ಬೇರೆ ನೀರು ಸಿಗದ ಕಡೆ 2000ದ ವರೆಗೂ ಬಿಡುತ್ತದೆ. ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು, ಎಂದರೆ ಟಿಡಿಎಸ್ ಅನ್ನು, ಅಳೆಯುವ ಟಿಡಿಎಸ್ ಮೀಟರ್ ಎಂಬ ಪೆನ್ನಿನಂಥ ಸಾಧನ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹತ್ತಾರು ಕುಂಡ ಇಟ್ಟವರಿಗೆ ಅದು ದುಬಾರಿಯಲ್ಲ.

ಆರ್‌ಓ ಫಿಲ್ಟರಿನಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕುವವರು ಇದನ್ನು ಸ್ವಲ್ಪ ಯೋಚಿಸಬೇಕು. ನೀರು ಪೋಲಾಗಬಾರದೆಂಬ ಕಾಳಜಿ ಸರಿಯೇ. ಆದರೆ ಫಿಲ್ಟರು ಉಪ್ಪನ್ನು ಮಾಯ ಮಾಡುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತದೆ. 600 ಟಿಡಿಎಸ್‌ನ ಮೂರು ಲೀಟರ್ ಒಳಹೋಗಿ 60 ಟಿಡಿಎಸ್‌ನ ಒಂದು ಲೀಟರ್ ಕುಡಿಯಲು ಬಂದರೆ, ಹೊರಗೆ ಬೀಳುವ ಎರಡು ಲೀಟರಿನ ಟಿಡಿಎಸ್ 870. ಕಾವೇರಿ ನೀರಿಗೆ ಆರ್‌ಓ ಹಾಕಿಸಿಕೊಂಡವರ ಮನೆಯಲ್ಲಿ ಈ ನೀರಿನಿಂದ ದೊಡ್ಡ ಅಪಾಯವಿಲ್ಲ. ಬೋರ್ ನೀರಿನ ಮನೆಯಲ್ಲಿ ಅದು ನೆಲ ಒರೆಸಲು, ಬಾತ್‌ರೂಮು ತೊಳೆಯಲು ಲಾಯಕ್ಕು. ಅಪಾರ್ಟ್‌ಮೆಂಟುಗಳ ವಾಟರ್ ಸಾಫ್ಟನರ್ ನೀರು ಇನ್ನೊಂದು ಬಗೆಯ ಮೋಸ. ಸೋಪು ಚೆನ್ನಾಗಿ ನೊರೆಯುತ್ತದೆ, ನಲ್ಲಿಯಲ್ಲಿ ಬಿಳಿ ಕಟ್ಟುವುದಿಲ್ಲ, ಆದರೆ ಆ ಯಂತ್ರ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಸೇರಿಸಿರುತ್ತದೆ. ಗಿಡಕ್ಕೆ ಸೋಡಿಯಂ ಕ್ಯಾಲ್ಸಿಯಂಗಿಂತ ಕೆಟ್ಟದ್ದು. ಮಣ್ಣಿನ ಹುಡಿತನ ಹಾಳಾಗಿ ಗಟ್ಟಿ ಹೆಪ್ಪಾಗುತ್ತದೆ, ನೀರು ಇಳಿಯುವುದಿಲ್ಲ.

ಮಂಡ್ಯದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ತಗ್ಗಿನ ಗದ್ದೆಗಳಿಗೆ ವರ್ಷಾನುಗಟ್ಟಲೆ ನೀರು ನಿಂತು, ಬಸಿಯಲು ದಾರಿಯಿಲ್ಲದೆ ನೆಲ ಚೌಳಾಗುವುದನ್ನು ಅವರು ಕಂಡಿದ್ದಾರೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪೊರೆ ಏಳುತ್ತದೆ, ಬತ್ತದ ಪೈರು ಅಲ್ಲಲ್ಲಿ ಬೋಳಾಗುತ್ತದೆ. ಅಲ್ಲಿ ಮೇಲಕ್ಕೆ ಉಪ್ಪು ಎಳೆದ ಕ್ರಿಯೆಯೇ ನಿಮ್ಮ ಬಾಲ್ಕನಿಯ ಹತ್ತಿಂಚಿನ ಕುಂಡದಲ್ಲೂ ನಡೆಯುತ್ತಿದೆ. ಗದ್ದೆಯಲ್ಲಿ ಇದಕ್ಕೆ ಮಾಡುವ ಉಪಾಯ ಬಸಿಗಾಲುವೆ ತೋಡಿ, ಒಳ್ಳೆಯ ನೀರು ಕಟ್ಟಿ ಉಪ್ಪನ್ನು ತೊಳೆದು ಹೊರಹಾಕುವುದು, ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಕೊಡುವುದು. ಕುಂಡದಲ್ಲೂ ಕ್ರಮ ಅದೇ.

ಮೊದಲು ಮೇಲಿನ ಅರ್ಧ ಇಂಚು ಮಣ್ಣನ್ನು ಬಿಳಿಯ ಸಮೇತ ಕೆರೆದು ತೆಗೆಯಿರಿ. ತೆಗೆಯದೆ ನೀರು ಸುರಿದರೆ ಆ ಉಪ್ಪೆಲ್ಲ ಕರಗಿ ಬೇರಿನ ಮಟ್ಟಕ್ಕೆ ಇಳಿಯುತ್ತದೆ. ಕೆಳಗಿನ ತೂತು ಮುಚ್ಚಿಕೊಂಡಿದ್ದರೆ ಕಡ್ಡಿ ಆಡಿಸಿ ಬಿಡಿಸಿ, ಕುಂಡದಡಿಯ ತಟ್ಟೆಯನ್ನು ಎತ್ತಿಡಿ. ಆಮೇಲೆ ಕುಂಡದ ಗಾತ್ರದ ಎರಡರಷ್ಟು ನೀರನ್ನು ಒಮ್ಮೆಲೇ ಸುರಿಯದೆ, ಸ್ವಲ್ಪ ಸ್ವಲ್ಪವಾಗಿ, ಇಳಿಯಲು ಬಿಟ್ಟು ಬಿಟ್ಟು ಹಾಯಿಸಿ. ಮಳೆ ನೀರು ಇದಕ್ಕೆ ಎಲ್ಲಕ್ಕಿಂತ ಉತ್ತಮ, ಅದು ಇಲ್ಲದಿದ್ದರೆ ನದಿ ನೀರು. ಬೋರ್ ನೀರಿನಲ್ಲೇ ಮಾಡಿದರೂ ಸಂಗ್ರಹವಾದದ್ದರಲ್ಲಿ ಒಂದಷ್ಟು ಇಳಿದುಹೋಗುತ್ತದೆ. ಬೇಸಿಗೆಯಲ್ಲಿ ಒಮ್ಮೆ, ಮಳೆಗೆ ಮೊದಲು ಒಮ್ಮೆ ಹೀಗೆ ಮಾಡಿದರೆ ಸಾಕು. ತಾರಸಿಯ ಮೇಲೆ ಬಯಲಿನಲ್ಲಿರುವ ಕುಂಡಗಳಿಗೆ ಮೇ ತಿಂಗಳ ಗುಡುಗು ಮಳೆಯೇ ಈ ಕೆಲಸ ಮಾಡಿಕೊಡುತ್ತದೆ. ಸಜ್ಜೆಯ ಕೆಳಗೆ, ಬಾಲ್ಕನಿ ಒಳಗೆ ಇರುವ ಕುಂಡಗಳೇ ವರ್ಷವಿಡೀ ಉಪ್ಪು ಹೊತ್ತು ಕೂರುವುದು.

ಉಪ್ಪಿನ ಪದರ ನೋಡಲು ಅಸಹ್ಯ ಎಂಬುದಷ್ಟೇ ದೂರಲ್ಲ. ಎಲೆಯ ತುದಿ, ಅಂಚು ಕಂದಾಗಿ ಸುಟ್ಟಂತಾಗುತ್ತಿದೆಯೇ ನೋಡಿ. ಮಲ್ಲಿಗೆ, ದಾಸವಾಳ, ಗುಲಾಬಿಯ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿವೆಯೇ ನೋಡಿ. ಸುಣ್ಣದ ನೀರಿನಿಂದ ಮಣ್ಣಿನ ಕ್ಷಾರ ಏರಿದಾಗ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ, ಆಗ ಹೀಗಾಗುತ್ತದೆ. ಆ ಹಂತದಲ್ಲಿ ಗಿಡ ಸೊರಗಿದೆ ಎಂದು ಇನ್ನೊಂದು ಹಿಡಿ ಗೊಬ್ಬರ ಹಾಕುವುದು ಉಪ್ಪಿಗೆ ಉಪ್ಪು ಸೇರಿಸಿದ ಹಾಗೆಯೇ. ಡಿಎಪಿ, 19:19:19ರಂಥ ಅಂಗಡಿ ಗೊಬ್ಬರಗಳೆಲ್ಲವೂ ರಾಸಾಯನಿಕವಾಗಿ ಉಪ್ಪುಗಳೇ ತಾನೆ.

ಕೊಕೊಪೀಟ್, ಎಂದರೆ ಮಣ್ಣಿಗೆ ಬೆರೆಸುವ ತೆಂಗಿನ ನಾರಿನ ಪುಡಿಯ ಬಗ್ಗೆ ಎರಡು ಮಾತು. ಸರಿಯಾಗಿ ತೊಳೆಯದ ಕೊಕೊಪೀಟಿನಲ್ಲಿ ತೆಂಗಿನ ನಾರಿನ ಪೊಟ್ಯಾಷಿಯಂ, ಸೋಡಿಯಂ ಉಪ್ಪು ಸಾಕಷ್ಟಿರುತ್ತದೆ. ಕೊಕೊಪೀಟಿನ ಇಟ್ಟಿಗೆಯನ್ನು ನೆನೆಸಿ ಉಬ್ಬಿಸಿದ ನೀರನ್ನು ಚೆಲ್ಲಿ, ಮತ್ತೆ ಎರಡು ಸಲ ಒಳ್ಳೆಯ ನೀರಿನಲ್ಲಿ ಹಿಂಡಿ ಬಳಸಿ. ಹೊಸದಾಗಿ ತಂದು ನೆಟ್ಟ ಗಿಡದಲ್ಲಿ ಹದಿನೈದೇ ದಿನಕ್ಕೆ ಬಿಳಿ ಎದ್ದರೆ ನಿಮ್ಮ ನೀರಿಗಿಂತ ಮೊದಲು ಇದನ್ನು ಅನುಮಾನಿಸಿ.

ಮಣ್ಣಿನ ಕುಂಡವಾದರೆ ಇನ್ನೊಂದು ಸಾಕ್ಷಿಯಿದೆ. ಸುಟ್ಟ ಮಣ್ಣಿನ ಗೋಡೆಯ ಮೂಲಕವೂ ನೀರು ಆವಿಯಾಗುವುದರಿಂದ ಹೊರಮೈಯಲ್ಲೂ ಬಿಳಿ ಮಚ್ಚೆ ಏಳುತ್ತದೆ. ಒಳಗೂ ಹೊರಗೂ ಬಿಳಿ ಇದ್ದರೆ ಉಪ್ಪು ಎನ್ನಲು ಹಿಂಜರಿಯಬೇಕಾಗಿಲ್ಲ.

ಬಡಪಾಯಿ ಬೂಷ್ಟು

ಜೂನ್ ಬಂತು, ನೀರು ಹನಿಸಿದಾಗ ಹನಿ ಗುಂಡಗೆ ಕೂತಿತು, ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಎಳೆಗಳು ಕಂಡವು. ಇದು ಶಿಲೀಂಧ್ರ. ಗಾಬರಿ ಬೇಡ, ಹತ್ತರಲ್ಲಿ ಒಂಬತ್ತು ಸಲ ಇದು ನಿಮ್ಮ ಗಿಡವನ್ನು ತಿನ್ನುತ್ತಿಲ್ಲ, ನೀವು ಹಾಕಿದ ಗೊಬ್ಬರವನ್ನು ತಿನ್ನುತ್ತಿದೆ.

ನಾವು ಕುಂಡಕ್ಕೆ ಏನೇನು ಹಾಕುತ್ತೇವೆ ನೆನಪು ಮಾಡಿಕೊಳ್ಳಿ. ಬೇವಿನ ಹಿಂಡಿ, ಕಡಲೆಕಾಯಿ ಹಿಂಡಿ, ಕಾಫಿ ಚರಟ, ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ, ಬಾಳೆಹಣ್ಣಿನ ಸಿಪ್ಪೆ. ಇವೆಲ್ಲ ಗಿಡಕ್ಕೆ ಆಹಾರವಾಗುವ ಮೊದಲು ಯಾರಾದರೂ ಮುರಿದು ಕೊಡಬೇಕು. ಆ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮತ್ತು ಈ ಬಿಳಿ ಎಳೆಗಳು. ಹಿಂಡಿಯನ್ನು ಮಣ್ಣಿಗೆ ಬೆರೆಸದೆ ಮೇಲೆ ಉದುರಿಸಿ ನೀರು ಹಾಕಿದವರ ಕುಂಡದಲ್ಲಿ ಮೂರೇ ದಿನಕ್ಕೆ ಬೂಷ್ಟು ಏಳುತ್ತದೆ. ಏಳದಿದ್ದರೇ ಅಚ್ಚರಿಪಡಬೇಕು.

ಮಾಡಬೇಕಾದದ್ದು ಇಷ್ಟು: ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೇಲ್ಮಣ್ಣನ್ನು ಕೆದಕಿ ಒಳಕ್ಕೆ ಬೆರೆಸಿ, ಬೆರಳು ಒಂದಿಂಚು ಒಳಗಿಟ್ಟಾಗ ಒಣಗಿದೆ ಎನಿಸುವ ತನಕ ನೀರು ಹಾಕಬೇಡಿ, ಕುಂಡವನ್ನು ಗಾಳಿ ಬೆಳಕಿಗೆ ಸರಿಸಿ. ಬಟ್ಟೆ ಕಟ್ಟಿಕೊಳ್ಳಿ ಎಂದದ್ದು ಶಾಸ್ತ್ರಕ್ಕಲ್ಲ. ಉಬ್ಬಸ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಬೂಷ್ಟಿನ ಬೀಜಾಣು ಒಳ್ಳೆಯದಲ್ಲ, ಅಂಥವರ ಮಲಗುವ ಕೋಣೆಯಲ್ಲಿ ಬೂಷ್ಟು ಕಟ್ಟಿದ ಕುಂಡ ಇಡಬೇಡಿ.

ಅಂತರ್ಜಾಲದ ತುಂಬ ಇದಕ್ಕೆ ಮನೆಮದ್ದುಗಳಿವೆ. ಅರಿಸಿನ ಪುಡಿ, ದಾಲ್ಚಿನ್ನಿ ಪುಡಿ ಉದುರಿಸಿದರೆ ದೊಡ್ಡ ಕೆಡುಕಿಲ್ಲ, ದೊಡ್ಡ ಲಾಭವೂ ಇಲ್ಲ. ಅಡುಗೆ ಸೋಡಾ ಮಾತ್ರ ಬೇಡವೇ ಬೇಡ. ಅದು ಸೋಡಿಯಂ ಬೈಕಾರ್ಬೊನೇಟ್. ಬೂಷ್ಟು ಹೋಗಲಿ ಎಂದು ಹಾಕಿ, ಬೇಸಿಗೆಗೆ ಉಪ್ಪಿನ ಪದರವನ್ನು ನಾವೇ ನೆಟ್ಟಂತಾಗುತ್ತದೆ.

ಬಿಳಿ ಎಳೆ ಕಂಡರೆ ಅದು ಮೈಕೋರೈಜಾ, ಎಂದರೆ ಬೇರಿನ ಜೊತೆ ಬಾಳುವ ಉಪಕಾರಿ ಶಿಲೀಂಧ್ರ, ಬಹಳ ಒಳ್ಳೆಯದು ಎಂದು ಸಮಾಧಾನ ಹೇಳುವವರೂ ಇದ್ದಾರೆ. ಒಳ್ಳೆಯ ಮನಸ್ಸಿನಿಂದ ಹೇಳುವ ಮಾತು, ಆದರೆ ತಪ್ಪು. ನಮ್ಮ ತರಕಾರಿ, ಹೂವಿನ ಗಿಡಗಳ ಬೇರಿನೊಳಗೆ ವಾಸಿಸುವ ಮೈಕೋರೈಜಾ ಬರಿಗಣ್ಣಿಗೆ ಕಾಣುವುದಿಲ್ಲ, ಮಣ್ಣಿನ ಮೇಲೆ ಹತ್ತಿ ಹಾಸುವುದೂ ಇಲ್ಲ.

ಕೊಟ್ಟಿಗೆ ಗೊಬ್ಬರದ ತಿಪ್ಪೆ ಅಗೆದವರಿಗೆ ಇನ್ನೊಂದು ಬಿಳುಪು ಗೊತ್ತಿರುತ್ತದೆ, ಒಳಪದರದಲ್ಲಿ ಬೂದಿ ಎರಚಿದಂತೆ ಕಾಣುವಂಥದ್ದು. ಅದು ಆಕ್ಟಿನೋಮೈಸೀಟ್ಸ್ ಎಂಬ ಬ್ಯಾಕ್ಟೀರಿಯಾ ಗುಂಪು, ಶಿಲೀಂಧ್ರವಲ್ಲ. ಮೊದಲ ಮಳೆಯ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ತಯಾರಿಸುವವು ಇವೇ. ಎರೆಹುಳು ಗೊಬ್ಬರದ ಚೀಲ ಬಿಚ್ಚಿದಾಗ ಬೂದು ಬಿಳುಪು ಕಂಡು ವಾಸನೆ ಹೊಲದ ಮಣ್ಣಿನಂತಿದ್ದರೆ ನಿಶ್ಚಿಂತೆಯಿಂದ ಬಳಸಿ. ಕೊಳೆತ ಮೊಟ್ಟೆಯ ನಾತವಿದ್ದರೆ ಗಾಳಿಯಾಡಿಲ್ಲ, ಹರಡಿ ಆರಿಸಿ.

ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕಲು ಮಣ್ಣಿಗೆ ಬೆರೆಸುವ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಹಾಕಿ ಮರೆತು ಗಾಬರಿಯಾಗುವವರೂ ಉಂಟು. ಅದು ಮೊದಲು ಬೆಳ್ಳಗೆ ಹಬ್ಬಿ ಕೆಲವು ದಿನಗಳಲ್ಲಿ ಹಸಿರಾಗುತ್ತದೆ. ಬಿಳಿ ಹಸಿರಿಗೆ ತಿರುಗಿದರೆ ಸಂತೋಷಪಡಿ. ಇನ್ನು ಕುಂಡದಲ್ಲಿ ಏಳುವ ಅಣಬೆ, ಅದರಲ್ಲೂ ನಿಂಬೆ ಹಳದಿಯ ಚಿಕ್ಕ ಕೊಡೆಗಳು, ಗಿಡಕ್ಕೆ ಏನೂ ಮಾಡುವುದಿಲ್ಲ. ಮಕ್ಕಳು, ನಾಯಿ ಬಾಯಿಗೆ ಹಾಕದ ಹಾಗೆ ಕಿತ್ತೆಸೆಯಿರಿ. ಮಳೆಗೆ ನೆಂದ ತರಗೆಲೆಯ ಮೇಲೆ ರಾತ್ರೋರಾತ್ರಿ ಹರಡಿ, ಮರುದಿನ ಪುಡಿಯಾಗಿ ಉದುರುವ ಲೋಳೆಯೂ ಅಷ್ಟೇ, ನಿರುಪದ್ರವಿ.

ಸಾಸಿವೆ ಕಾಳು ಕಂಡರೆ

ಹತ್ತರಲ್ಲಿ ಉಳಿದ ಆ ಒಂದು ಸಲದ ಕತೆ ಇದು. ಈ ಬಿಳುಪು ಮಣ್ಣಿನ ನಡುವೆ ಎಲ್ಲೆಂದರಲ್ಲಿ ಇರುವುದಿಲ್ಲ. ಗಿಡದ ಬುಡಕ್ಕೆ ಅಂಟಿಕೊಂಡು, ಕಾಂಡದ ಮೇಲೆ ಒಂದೆರಡು ಇಂಚು ಹತ್ತಿ, ಮಣ್ಣಿನ ಮೇಲೆ ಬೀಸಣಿಗೆ ಬಿಚ್ಚಿದಂತೆ ಹರಡಿರುತ್ತದೆ. ಎಳೆಗಳು ದಪ್ಪ, ರೇಷ್ಮೆಯ ಹೊಳಪು. ನಿನ್ನೆ ಚೆನ್ನಾಗಿದ್ದ ಮೆಣಸಿನ ಗಿಡ ಮಧ್ಯಾಹ್ನಕ್ಕೆ ಬಾಡಿ, ನೀರು ಹಾಕಿದರೂ ಸಂಜೆಗೆ ಎದ್ದು ನಿಲ್ಲುವುದಿಲ್ಲ. ಬುಡ ನೋಡಿದರೆ ಕಂದಾಗಿ ಮೆತ್ತಗಾಗಿರುತ್ತದೆ. ಇನ್ನೆರಡು ದಿನ ಬಿಟ್ಟು ನೋಡಿದರೆ ಆ ಬಿಳಿ ಹಾಸಿನ ಮೇಲೆ ಸಾಸಿವೆಯಂಥ ಉಂಡೆಗಳು. ಮೊದಲು ಬಿಳಿ, ಆಮೇಲೆ ಕೆನೆ ಬಣ್ಣ, ಕೊನೆಗೆ ಕಂದು.

ಇದು ಸ್ಕ್ಲೆರೋಷಿಯಂ ರಾಲ್ಫ್ಸೀ, ಬುಡ ಕೊಳೆ ರೋಗದ ಶಿಲೀಂಧ್ರ. ಪೀಟರ್ ಹೆನ್ರಿ ರಾಲ್ಫ್ಸ್ ಎಂಬ ವಿಜ್ಞಾನಿ 1892ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಟೊಮೆಟೊ ಗಿಡಗಳ ಮೇಲೆ ಇದನ್ನು ಗುರುತಿಸಿದರು, 1911ರಲ್ಲಿ ಅವರ ಹೆಸರೇ ಇದಕ್ಕೆ ಬಿತ್ತು. ಐನೂರಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ಹತ್ತುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಕಡಲೆಕಾಯಿ, ಸುಗಂಧರಾಜ ಎಲ್ಲವೂ ಆ ಪಟ್ಟಿಯಲ್ಲಿವೆ. ಮೈಸೂರಿನ ಹೆಸರು ಹೊತ್ತ ಮಲ್ಲಿಗೆ ಮತ್ತು ವೀಳ್ಯದೆಲೆಯನ್ನೂ ಇದು ಬಿಟ್ಟಿಲ್ಲ. ಬಿಸಿ ಮತ್ತು ತೇವ ಎರಡೂ ಕೂಡಿದಾಗ, 25ರಿಂದ 35 ಡಿಗ್ರಿಯೊಳಗೆ, ಜೋರಾಗಿ ಬೆಳೆಯುತ್ತದೆ. ಮೇ ಕೊನೆಯ ಮಳೆಗಳು, ಸೆಪ್ಟೆಂಬರ್ ಅಕ್ಟೋಬರಿನ ಮಳೆಗಳ ನಡುವಿನ ಧಗೆ ಇದಕ್ಕೆ ಹೇಳಿ ಮಾಡಿಸಿದ ಹವೆ.

ಇದು ಕೊಲ್ಲುವ ರೀತಿ ಗಮನಿಸಬೇಕಾದ್ದು. ಎಳೆ ಕಾಂಡದೊಳಗೆ ನುಗ್ಗುವ ಮೊದಲೇ ಆಕ್ಸಾಲಿಕ್ ಆಮ್ಲ ಮತ್ತು ಕೋಶದ ಗೋಡೆ ಕರಗಿಸುವ ಕಿಣ್ವಗಳನ್ನು ಹೊರಬಿಟ್ಟು ಸಿಪ್ಪೆಯನ್ನು ಸಾಯಿಸುತ್ತದೆ, ಆಮೇಲೆ ಸತ್ತದ್ದನ್ನು ತಿನ್ನುತ್ತದೆ. ಇಷ್ಟು ಕೆಲಸಕ್ಕೆ ಅದಕ್ಕೆ ಮುಂಗಡ ಆಹಾರ ಬೇಕು. ಬುಡಕ್ಕೆ ತಾಗಿದ ಹಸಿ ಎಲೆ, ಕಳಿಯದ ಸಗಣಿ, ಕೊಳೆಯುತ್ತಿರುವ ಸಿಪ್ಪೆಗಳ ಮೇಲೆ ಮೊದಲು ಬೆಳೆದು, ಅಲ್ಲಿಂದ ಶಕ್ತಿ ಪಡೆದು ಕಾಂಡಕ್ಕೆ ಬರುತ್ತದೆ. ಆದ್ದರಿಂದ ಮುಚ್ಚಿಗೆ ಹಾಕುವವರು ಕಾಂಡದ ಸುತ್ತ ಎರಡು ಬೆರಳಷ್ಟು ಜಾಗ ಬರಿದಾಗಿ ಬಿಡುವುದೇ ಇದಕ್ಕೆ ಎಲ್ಲಕ್ಕಿಂತ ಅಗ್ಗದ ತಡೆ. ಗೊಬ್ಬರ ಚೆನ್ನಾಗಿ ಕಳಿತಿರಲಿ.

ರೋಗ ಹತ್ತಿದ ಗಿಡವನ್ನು ಉಳಿಸುವ ಆಸೆ ಬಿಡಿ. ಬುಡದ ಸುತ್ತಲ ಮಣ್ಣಿನ ಸಮೇತ ಎತ್ತಿ, ಆ ಸಾಸಿವೆ ಕಾಳುಗಳು ಪಕ್ಕದ ಕುಂಡಕ್ಕೆ ಉದುರದಂತೆ ಕವರಿನಲ್ಲಿ ಕಟ್ಟಿ ಹೊರಹಾಕಿ. ಕಾಂಪೋಸ್ಟ್ ಗುಂಡಿಗೆ ಹಾಕುವುದೆಂದರೆ ಮುಂದಿನ ವರ್ಷಕ್ಕೆ ಬಿತ್ತನೆ ಮಾಡಿದಂತೆ, ಏಕೆಂದರೆ ಆ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಅಂಗಡಿಯಲ್ಲಿ ಥಟ್ಟನೆ ಕೈಗೆ ಬರುವ ಕಾರ್ಬೆಂಡಜಿಮ್ ಎಂಬ ಫಂಗಿಸೈಡ್ ಈ ಶಿಲೀಂಧ್ರಕ್ಕೆ ಅಷ್ಟಾಗಿ ನಾಟುವುದಿಲ್ಲ. ಅದು ಕೊಲ್ಲುವುದು ಟ್ರೈಕೋಡರ್ಮವನ್ನು. ಒಂದು ಕೈಯಲ್ಲಿ ಕಾರ್ಬೆಂಡಜಿಮ್, ಇನ್ನೊಂದು ಕೈಯಲ್ಲಿ ಟ್ರೈಕೋಡರ್ಮ ಹಿಡಿದು ಬರುವವರನ್ನು ನೋಡಿದರೆ ಅಯ್ಯೋ ಎನಿಸುತ್ತದೆ.

ಉಳಿದ ಕುಂಡಗಳಿಗೆ ಟ್ರೈಕೋಡರ್ಮ ಕೊಡಬಹುದು. ಹೊಲಕ್ಕೆ 100 ಕೆಜಿ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಕೆಜಿ ಟ್ರೈಕೋಡರ್ಮ ಪುಡಿ ಬೆರೆಸುವ ಪದ್ಧತಿಯಿದೆ, ಮನೆಯ ಮಟ್ಟಿಗೆ ಒಂದು ಕೆಜಿ ಗೊಬ್ಬರಕ್ಕೆ 10 ಗ್ರಾಂ ಆಯಿತು. ಗೊಬ್ಬರವನ್ನು ಕೈಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ತೇವ ಮಾಡಿ, ಗೋಣಿಚೀಲ ಮುಚ್ಚಿ ನೆರಳಿನಲ್ಲಿ ಎಂಟು ಹತ್ತು ದಿನ ಇಡಿ. ಮೇಲೆ ಬಿಳಿ, ಆಮೇಲೆ ಹಸಿರು ಹಬ್ಬಿದ ಮೇಲೆ ಕುಂಡಕ್ಕೆ ಹಿಡಿ ಹಿಡಿ ಬೆರೆಸಿ.

ಅನುಮಾನವಿದ್ದರೆ ಒಣಗುತ್ತಿರುವ ಗಿಡವನ್ನು ಬುಡದ ಮಣ್ಣಿನೊಂದಿಗೆ ಪೇಪರಿನಲ್ಲಿ ಸುತ್ತಿ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿಗೋ ಒಯ್ದು ತೋರಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಒಯ್ದರೆ ದಾರಿಯಲ್ಲೇ ಬೆವೆತು ಬೇರೆ ಬೂಷ್ಟು ಹತ್ತಿ, ಯಾವುದು ಮೂಲ ರೋಗವೆಂದು ಅವರಿಗೂ ತಿಳಿಯುವುದಿಲ್ಲ.

ಬಿಳಿ ನಡೆದಾಡಿದರೆ

ಹತ್ತಿಯ ತುಣುಕಿನಂಥದ್ದು ಕಡ್ಡಿಯಿಂದ ಒತ್ತಿದಾಗ ಕಿತ್ತಳೆಯೋ ಹಳದಿಯೋ ರಸ ಬಿಟ್ಟರೆ ಅದು ಹಿಟ್ಟು ತಿಗಣೆ. ದಾಸವಾಳ ಬೆಳೆಸಿದವರಿಗೆಲ್ಲ ಗೊತ್ತಿರುವ ಹುಳು. ಹಿಪ್ಪುನೇರಳೆ ರೈತರು ತುಕ್ರ ಎಂದು ಬೈಯುವ ಎಲೆ ಮುರುಟುವಿಕೆಗೆ ಕಾರಣವೂ ದಾಸವಾಳದ ಅದೇ ಗುಲಾಬಿ ತಿಗಣೆ. ಎಲೆಯ ಮೇಲಿನದು ಕಣ್ಣಿಗೆ ಬೀಳುತ್ತದೆ, ಬೇರಿನದು ಬೀಳುವುದಿಲ್ಲ. ಕಳ್ಳಿ, ಸಕ್ಯುಲೆಂಟುಗಳಲ್ಲಿ ಮಣ್ಣಿನ ಮೇಲೆ ಸ್ವಲ್ಪ ಬಿಳಿ ಕಂಡು, ಕುಂಡದ ತೂತಿನ ಬಳಿ ಇರುವೆ ಸಾಲು ಓಡಾಡುತ್ತಿದ್ದರೆ, ಗಿಡವನ್ನು ಮಣ್ಣಿನ ಹೆಂಟೆ ಸಮೇತ ಹೊರತೆಗೆದು ನೋಡಿ. ಬೇರಿನ ಮೇಲೂ ಕುಂಡದ ಒಳಗೋಡೆಯ ಮೇಲೂ ನೀಲಿಬಿಳುಪಿನ ಮೇಣದ ಪುಡಿ ಅಂಟಿದ್ದರೆ ಬೇರಿನ ತಿಗಣೆ. ಅವು ಬಿಡುವ ಸಿಹಿ ರಸಕ್ಕಾಗಿ ಇರುವೆಗಳು ಅವನ್ನು ಕಾಯುತ್ತವೆ, ಒಂದು ಕುಂಡದಿಂದ ಇನ್ನೊಂದಕ್ಕೆ ಹೊತ್ತೂ ಒಯ್ಯುತ್ತವೆ. ಹಳೆಯ ಮಣ್ಣನ್ನೆಲ್ಲ ಉದುರಿಸಿ, ಬೇರು ತೊಳೆದು, ಸೋಪು ಬೆರೆಸಿದ ಬೇವಿನ ಎಣ್ಣೆಯ ನೀರಿನಲ್ಲಿ ಅದ್ದಿ ಹೊಸ ಮಣ್ಣಿಗೆ ಹಾಕುವುದೇ ದಾರಿ. ಮೇಲಿನಿಂದ ಸಿಂಪಡಿಸಿದ್ದು ಬೇರಿನವರೆಗೆ ಇಳಿಯದು.

ಒತ್ತುವ ಮೊದಲು ಒಂದು ಕ್ಷಣ ನಿಲ್ಲಿ. ಬಿಳಿ ಮೇಣದ ಉದ್ದುದ್ದ ಕುಚ್ಚು ಹೊತ್ತು ಚುರುಕಾಗಿ ಓಡಾಡುವ ಒಂದು ಹುಳುವಿದೆ. ಅದು ತಿಗಣೆಯಲ್ಲ, ತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ಜೀರುಂಡೆಯ ಮರಿ. ಇದನ್ನು ಆಸ್ಟ್ರೇಲಿಯಾದಿಂದ 1898ರಲ್ಲಿ ಭಾರತಕ್ಕೆ ತಂದದ್ದು ಹಸಿರು ಶಲ್ಕ ಕೀಟದ ಹತೋಟಿಗೆ, ಆದರೆ ಇದು ನೆಲೆಯೂರಿದ್ದು ತಿಗಣೆಯ ಮೇಲೆ. ತಿಗಣೆ ಗುಂಪಾಗಿ ಒಂದೆಡೆ ಕೂತಿರುತ್ತದೆ, ಇದು ಅದಕ್ಕಿಂತ ದೊಡ್ಡದು ಮತ್ತು ಒಂಟಿಯಾಗಿ ಬೇಟೆಗೆ ತಿರುಗುತ್ತದೆ.

ನೀರು ಹಾಕಿದಾಗ ಚಿಮ್ಮುವ ಚುಕ್ಕೆಯಂಥ ಬಿಳಿ ಹುಳುಗಳು ಬೂಷ್ಟು ತಿನ್ನಲು ಬಂದವು, ಬಿಟ್ಟುಬಿಡಿ. ಮಳೆಗಾಲದಲ್ಲಿ ಮಣ್ಣು ಕೆದಕಿದಾಗ ಸಾಬಕ್ಕಿಯ ಗೊಂಚಲು ಸಿಕ್ಕರೆ ಬಸವನಹುಳುವಿನ ಮೊಟ್ಟೆ, ಎತ್ತಿ ಉಪ್ಪುನೀರಿಗೆ ಹಾಕಿ. ನರ್ಸರಿ ಮಣ್ಣಿನಲ್ಲಿ ಥರ್ಮೊಕೋಲಿನ ಚೂರಿನಂತೆ ಕಾಣುವ ಹಗುರ ಕಾಳು ಪರ್ಲೈಟ್, ಮಣ್ಣು ಸಡಿಲವಾಗಲೆಂದು ಅವರೇ ಬೆರೆಸಿದ ಸುಟ್ಟ ಜ್ವಾಲಾಮುಖಿ ಗಾಜು.

ತೆಗೆದ ಮಣ್ಣನ್ನು ಏನು ಮಾಡುವುದು ಎಂಬ ಪ್ರಶ್ನೆ ಉಳಿಯಿತು. ಉಪ್ಪಿನ ಮಣ್ಣನ್ನು ಮಳೆಗೆ ತೋಯುವ ಕಡೆ, ನೀರು ಬಸಿದುಹೋಗುವಂತೆ ತೂತಿರುವ ಹಳೆಯ ಟಬ್ಬಿನಲ್ಲಿ ಹಾಕಿಟ್ಟರೆ ಒಂದು ಮಳೆಗಾಲದಲ್ಲಿ ಮತ್ತೆ ಬಳಸುವಂತಾಗುತ್ತದೆ. ತಿಗಣೆ ಇದ್ದ ಮಣ್ಣನ್ನೂ, ರೋಗದ ಗಿಡದ ಪಕ್ಕದಲ್ಲಿದ್ದ ಕುಂಡಗಳ ಮಣ್ಣನ್ನೂ ಏಪ್ರಿಲ್ ತನಕ ಬೇರೆ ಇಟ್ಟು, ಆಗ ಚೆನ್ನಾಗಿ ನೆನೆಸಿ, ತಾರಸಿಯ ಮೇಲೆ ನಾಲ್ಕು ಇಂಚು ದಪ್ಪಕ್ಕೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆಲ್ಲ ಕಲ್ಲು ಹೇರಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಿ. ಕಪ್ಪು ಹಾಳೆ ಬೇಡ, ಅದು ತಾನು ಕಾಯುತ್ತದೆಯೇ ಹೊರತು ಬಿಸಿಲನ್ನು ಮಣ್ಣಿಗೆ ಬಿಡುವುದಿಲ್ಲ. ಒಣ ಮಣ್ಣನ್ನು ಹಾಗೇ ಮುಚ್ಚಿದರೂ ಪ್ರಯೋಜನವಿಲ್ಲ, ತೇವವಿದ್ದಾಗಲೇ ಶಾಖ ಒಳಗಿಳಿಯುವುದು. ಆ ಮಣ್ಣಿನಲ್ಲಿ ಮೊದಲ ಬೆಳೆಗೆ ಟೊಮೆಟೊ, ಮೆಣಸಿನಕಾಯಿ ಬದಲು ಮೆಂತ್ಯ, ಕೊತ್ತಂಬರಿ ಬಿತ್ತಿ ಬುಡಗಳನ್ನು ಗಮನಿಸುತ್ತಿರಿ.